ಚಕ್ರದ ಹಲಗೆ, ಹಿಮದ ಹಲಗೆ: ಕೊಡಿಸುವ ಮೊದಲು ನಾಲ್ಕು ಮಾತು

ನಮ್ಮ ಸಾಂಗಲಿ-ಮಿರಜ ಕಡೆಯ ಮನೆಗಳಲ್ಲಿ ಮಕ್ಕಳು ಹಟ ಹಿಡಿದು ಕೇಳುವ ವಸ್ತುಗಳು ಬದಲಾಗಿವೆ. ಮೊದಲು ಸೈಕಲ್ಲು, ಆಮೇಲೆ ಕ್ರಿಕೆಟ್ ಬ್ಯಾಟು. ಈಗ ‘ಅಜ್ಜಾ, ಸ್ಕೇಟ್ ಕೊಡಸು’ ಎಂದು ಗಂಟು ಬೀಳುತ್ತಾರೆ. ಪುಣೆ, ಬೆಂಗಳೂರಿನಿಂದ ರಜೆಗೆ ಬರುವ ಮೊಮ್ಮಕ್ಕಳು ನಾಲ್ಕು ಚಕ್ರದ ಹಲಗೆಯನ್ನು, ಅಂದರೆ ಸ್ಕೇಟ್‌ಬೋರ್ಡನ್ನು, ಬಗಲಲ್ಲಿ ಇಟ್ಟುಕೊಂಡೇ ಇಳಿಯುತ್ತಾರೆ. ಅಮೆರಿಕಾ, ಕೆನಡಾದಲ್ಲಿ ನೆಲೆಸಿದವರ ಮಕ್ಕಳಂತೂ ಚಕ್ರವೇ ಇಲ್ಲದ, ಹಿಮದ ಮೇಲೆ ಜಾರುವ ಹಲಗೆಯ ಮಾತಾಡುತ್ತಾರೆ. ಅದಕ್ಕೆ ಸ್ನೋಸ್ಕೇಟ್ ಎಂದು ಹೆಸರು.

ನಾನು ಹಾರ್ಡ್‌ವೇರ್ ವ್ಯಾಪಾರಿ. ಬೇರಿಂಗು, ಬೋಲ್ಟು, ಪ್ಲೈವುಡ್ಡು ನನ್ನ ದಿನನಿತ್ಯದ ಸಾಮಾನು, ಈ ಹಲಗೆಗಳಲ್ಲಿ ಇರುವುದೂ ಅವೇ. ಅಂಗಡಿಗೆ ಬಂದ ಪರಿಚಯದವರು ‘ಯಾವುದು ತಗೊಳ್ಳೋಣ’ ಎಂದು ಕೇಳುವುದರಿಂದ ಎಲ್ಲರಿಗೂ ಒಟ್ಟಿಗೇ ಹೇಳಿಬಿಡುವುದು ಲೇಸೆಂದು ಬರೆಯುತ್ತಿದ್ದೇನೆ.

ಇದೇನು ಬರೀ ಶ್ರೀಮಂತರ ಮಕ್ಕಳ ಆಟ ಎಂದು ತಳ್ಳಿಹಾಕುವಂತಿಲ್ಲ. ೨೦೨೩ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ೩೦೦೦ ಮೀಟರ್ ರೋಲರ್ ಸ್ಕೇಟಿಂಗ್ ರಿಲೇಯಲ್ಲಿ ಕಂಚು ಗೆದ್ದರು. ಗಂಡುಮಕ್ಕಳ ತಂಡದ ನಾಲ್ವರಲ್ಲಿ ಸಿದ್ಧಾಂತ ಕಾಂಬಳೆ, ವಿಕ್ರಮ ಇಂಗಳೆ ಎಂಬಿಬ್ಬರು ನಮ್ಮ ಮಹಾರಾಷ್ಟ್ರದವರೇ. ಅದೇ ತಂಡದಲ್ಲಿದ್ದ ತಮಿಳುನಾಡಿನ ಆನಂದಕುಮಾರ ವೇಲಕುಮಾರ ೨೦೨೫ರಲ್ಲಿ ಚೀನಾದಲ್ಲಿ ನಡೆದ ಸ್ಪೀಡ್ ಸ್ಕೇಟಿಂಗ್ ವಿಶ್ವ ಸ್ಪರ್ಧೆಯಲ್ಲಿ ೧೦೦೦ ಮೀಟರಿನ ಚಿನ್ನ ಗೆದ್ದು, ಈ ಕ್ರೀಡೆಯಲ್ಲಿ ಭಾರತದ ಮೊದಲ ವಿಶ್ವ ಚಾಂಪಿಯನ್ ಆದ. ಸ್ಕೇಟ್‌ಬೋರ್ಡು ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿಗೇ ಸೇರಿತು. ಅಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ ೧೩ ವರ್ಷ.

ಇನ್ನು ಸಾಮಾನಿನ ವಿಷಯ. ಮೊದಲ ಮಾತು, ಆಟಿಕೆ ಅಂಗಡಿಯಲ್ಲಿ ಚಿತ್ರ ಅಂಟಿಸಿ ತೂಗುಹಾಕಿದ ಹಲಗೆಯನ್ನು ಬಣ್ಣ ನೋಡಿ ತರಬೇಡಿ. ಹಲಗೆಯನ್ನು ಬೋರಲು ಹಾಕಿ ನೋಡಿ. ಚಕ್ರದ ಅಚ್ಚನ್ನು ಹಿಡಿದಿರುವ ಭಾಗಕ್ಕೆ ಟ್ರಕ್ ಎನ್ನುತ್ತಾರೆ. ಅದು ಲೋಹದ್ದಿರಬೇಕು. ಪ್ಲಾಸ್ಟಿಕ್ಕಿನದಾದರೆ ಅಲ್ಲಿಯೇ ಇಟ್ಟು ಬನ್ನಿ. ಆಮೇಲೆ ಹಲಗೆಯ ಅಂಚು ನೋಡಿ. ಒಳ್ಳೆಯ ಹಲಗೆ ಮೇಪಲ್ ಎಂಬ ಗಟ್ಟಿ ಮರದ ೭ ಪದರ ಅಂಟಿಸಿ ಮಾಡಿದ್ದು. ಅಂಚಿನಲ್ಲಿ ಪದರ ಎಣಿಸಬಹುದು. ಮೆತ್ತನೆ ಮರದ ಅಗ್ಗದ ಹಲಗೆ ಹುಡುಗ ನಾಲ್ಕು ಸಲ ಹಾರಿದರೆ ನಡುವೆ ಸೀಳುತ್ತದೆ. ದೊಡ್ಡವರ ಹಲಗೆ ಸುಮಾರು ೮ ಇಂಚು ಅಗಲ ಇರುತ್ತದೆ. ಎಂಟು-ಹತ್ತು ವರ್ಷದವರಿಗೆ ೭ರಿಂದ ೭.೫ ಇಂಚಿನದು ಸಾಕು. ‘ಬೆಳೆಯುವ ಮಗು’ ಎಂದು ದೊಡ್ಡದು ತಂದರೆ ತಿರುಗಿಸಲಾರದೆ ಒಂದು ವಾರದಲ್ಲಿ ಮೂಲೆಗಿಡುತ್ತಾನೆ.

ಚಕ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದು ಕಾಲಕ್ಕೆ ಈ ಚಕ್ರ ಕಬ್ಬಿಣದ್ದು ಅಥವಾ ಗಟ್ಟಿಮಣ್ಣಿನದು ಇರುತ್ತಿತ್ತು, ಸಣ್ಣ ಹರಳು ಸಿಕ್ಕರೂ ಹುಡುಗ ಮುಗ್ಗರಿಸುತ್ತಿದ್ದ. ೧೯೭೦ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಎಂಬ ಅಮೆರಿಕದ ತರುಣ ಪಾಲಿಯುರಿಥೇನ್ ಚಕ್ರ ತಂದ ಮೇಲೆಯೇ ಈ ಆಟ ಮೇಲೆದ್ದಿತು. ಇದರ ಗಡಸುತನಕ್ಕೆ ಒಂದು ಅಂಕಿ ಇರುತ್ತದೆ. ೭೮ಎಯಿಂದ ೮೭ಎವರೆಗೆ ಮೆತ್ತಗಿನದು, ೯೯ಎ ಮತ್ತು ಅದರ ಮೇಲಿನದು ಗಡುಸು. ಗಡುಸು ಚಕ್ರಕ್ಕೆ ನುಣ್ಣಗಿನ ಕಾಂಕ್ರೀಟ್ ನೆಲವೇ ಬೇಕು. ನಮ್ಮ ಕಾಲನಿಗಳ ಒರಟು ಡಾಂಬರಿಗೆ, ಸಂದುಬಿದ್ದ ಶಹಾಬಾದಿ ಫರಸಿಗೆ ಮೆತ್ತಗಿನದು, ಸ್ವಲ್ಪ ದೊಡ್ಡದು, ೫೮ ಮಿಲಿಮೀಟರಿನ ಆಸುಪಾಸಿನದು ಒಳ್ಳೆಯದು. ಅಂಗಡಿಯವರು ಇದನ್ನು ಹೇಳುವುದು ಕಡಿಮೆ, ನಾವೇ ಕೇಳಬೇಕು.

ಬೇರಿಂಗಿನ ಡಬ್ಬಿಯ ಮೇಲೆ ದೊಡ್ಡ ದೊಡ್ಡ ಅಂಕಿ ಬರೆದು ದುಪ್ಪಟ್ಟು ಬೆಲೆ ಹಾಕಿರುತ್ತಾರೆ. ಮರುಳಾಗಬೇಡಿ. ಒಳಗಿರುವುದು ೬೦೮ ನಂಬರಿನ ಬೇರಿಂಗು: ಒಳತೂತು ೮, ಹೊರಸುತ್ತು ೨೨, ದಪ್ಪ ೭ ಮಿಲಿಮೀಟರು. ಚಕ್ರಕ್ಕೆ ಎರಡರಂತೆ ಹಲಗೆಗೆ ಎಂಟು. ಕೆಟ್ಟರೆ ಯಾವ ಬೇರಿಂಗ್ ಅಂಗಡಿಯಲ್ಲಾದರೂ ಸಿಗುತ್ತದೆ.

ಕಾಲಿಗೆ ಕಟ್ಟುವ ಸ್ಕೇಟಿನಲ್ಲಿ ಎರಡು ಜಾತಿ. ಎರಡೆರಡು ಚಕ್ರ ಅಕ್ಕಪಕ್ಕ ಇರುವ ಕ್ವಾಡ್ ಸಣ್ಣ ಮಕ್ಕಳಿಗೆ ನಿಲ್ಲಲು ಸುಲಭ. ಒಂದೇ ಸಾಲಿನ ಇನ್‌ಲೈನ್ ವೇಗದ್ದು. ಇವುಗಳ ಬೂಟು ಹಲವು ಸಲ ಚರ್ಮದ್ದಿರುತ್ತದೆ. ಹಲಗೆಯ ಆಟಕ್ಕೆಂದೇ ಮಾರುವ ಶೂಗಳೂ ಹೆಚ್ಚಾಗಿ ಸ್ವೇಡ್, ಅದೂ ಚರ್ಮವೇ. ರೆಕ್ಸಿನ್ ಮತ್ತು ಕ್ಯಾನ್ವಾಸಿನವು ಧಾರಾಳ ಸಿಗುವಾಗ ನಮ್ಮ ಮನೆಗೆ ಅದು ಏಕೆ ಬರಬೇಕು? ಕೇಳಿ, ಒಳಗಿನ ಚೀಟಿ ಓದಿ, ತಗೊಳ್ಳಿ. ಮಕ್ಕಳ ಪಾದ ವರ್ಷದೊಳಗೆ ಬೆಳೆಯುವುದರಿಂದ ಅಳತೆ ಹಿಗ್ಗಿಸಬಹುದಾದ ಜೋಡು ಉತ್ತಮ. ಅಣ್ಣತಮ್ಮಂದಿರ ನಾಲ್ಕು ಮನೆ ಹತ್ತಿರವಿದ್ದರೆ ಒಂದೇ ಜೋಡು ನಾಲ್ಕು ಮಕ್ಕಳ ಕಾಲಿಗೆ ಸಾಲಾಗಿ ಇಳಿದುಬರುತ್ತದೆ. ಆದರೆ ಹೆಲ್ಮೆಟ್ ಮಾತ್ರ ಹಳೆಯದು, ಒಮ್ಮೆ ಪೆಟ್ಟು ತಿಂದದ್ದು ಬೇಡ. ಇಎನ್ ೧೦೭೮ ಎಂದು ಅದರ ಮೇಲೆ ಬರೆದಿದ್ದರೆ ಅದು ಸೈಕಲ್ಲಿಗೂ ಸ್ಕೇಟಿಗೂ ಪರೀಕ್ಷೆಯಾದ ಮಾಲು. ಮಣಿಕಟ್ಟಿನ ಪಟ್ಟಿಯನ್ನು ಜನ ಬಿಟ್ಟುಬಿಡುತ್ತಾರೆ. ಬೀಳುವಾಗ ಎಲ್ಲರೂ ಕೈ ಊರುವವರೇ, ಮುರಿಯುವುದೂ ಅದೇ ಎಲುಬು. ಐದು ವರ್ಷದ ಒಳಗಿನವರಿಗೆ ಸ್ಕೇಟ್‌ಬೋರ್ಡ್ ಕೂಡದು, ಆರರಿಂದ ಹತ್ತರವರೆಗಿನವರ ಹತ್ತಿರ ದೊಡ್ಡವರೊಬ್ಬರು ಇರಲೇಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳಿದೆ.

ಕಲಿಯುವ ಕ್ರಮ ಕಷ್ಟದ್ದಲ್ಲ. ಹುಡುಗನನ್ನು ಹಿಂದಿನಿಂದ ಮೆಲ್ಲಗೆ ನೂಕಿ. ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಹಲಗೆಯ ಮೇಲೆ ಅದೇ ಸಾಮಾನ್ಯವಾಗಿ ಮುಂದಿನ ಕಾಲು. ಮೊದಲೆರಡು ದಿನ ಹಲಗೆಯನ್ನು ಜಮಖಾನೆಯ ಮೇಲಿಟ್ಟು ಚಕ್ರ ಉರುಳದಂತೆ ನಿಂತು ಕಲಿಯಲಿ. ಮೊಣಕಾಲು ಬಾಗಿರಲಿ. ಬೀಳುವುದನ್ನೂ ಕಲಿಸಬೇಕು: ಕುಕ್ಕರಿಸಿ ಪಕ್ಕಕ್ಕೆ ಉರುಳುವುದು. ಬೀದಿಯಲ್ಲಂತೂ ಬೇಡವೇ ಬೇಡ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಎಳೆದುಕೊಂಡು ಬರುವ ಟ್ರ್ಯಾಕ್ಟರು ಒಮ್ಮೆಲೇ ನಿಲ್ಲುವುದಿಲ್ಲ.

ನಮ್ಮವರಿಗೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ತರಗತಿಗಳು ಹೆಚ್ಚಾಗಿ ಸಂಜೆ ಆರೂವರೆಗೆ. ಸಾಂಗಲಿಯಲ್ಲಿ ಶ್ರಾವಣದಲ್ಲಿ ಸೂರ್ಯಾಸ್ತ ಏಳರ ಸುಮಾರಿಗೆ, ದೀಪಾವಳಿಯ ನಂತರ ಆರಕ್ಕೇ. ನನಗೆ ಗೊತ್ತಿದ್ದ ಒಂದು ಮನೆಯ ಹತ್ತು ವರ್ಷದ ಹುಡುಗಿ ಚಾತುರ್ಮಾಸದಲ್ಲಿ ಮಹಾರಾಜರ ಮುಂದೆ ರಾತ್ರಿಭೋಜನ ತ್ಯಾಗದ ನಿಯಮ ತೆಗೆದುಕೊಂಡಳು. ಶಾಲೆಯಿಂದ ಬಂದು ಏನೂ ತಿನ್ನದೆ ನೇರ ಸ್ಕೇಟಿಂಗಿಗೆ ಹೋಗುವಳು, ಎಂಟಕ್ಕೆ ಮನೆಗೆ ಬರುವಳು. ಊಟವೂ ಇಲ್ಲ, ನೀರೂ ಇಲ್ಲ. ನಾಲ್ಕನೆಯ ದಿನ ತಿರುವಿನಲ್ಲಿ ತಲೆ ಸುತ್ತಿ ಬಿದ್ದಳು. ಗಲ್ಲ ತರಚಿತು, ಅಷ್ಟೇ, ಪುಣ್ಯ. ಮನೆಯಲ್ಲಿ ಎರಡು ಪಕ್ಷವಾಯಿತು. ಸಣ್ಣ ಮಗುವಿಗೆ ನಿಯಮ ಏಕೆಂದು ಅಪ್ಪ, ಹೆಣ್ಣುಹುಡುಗಿಗೆ ಚಕ್ರ ಏಕೆಂದು ದೊಡ್ಡಪ್ಪ. ಹುಡುಗಿ ಎರಡಕ್ಕೂ ಜಗ್ಗಲಿಲ್ಲ. ಕೊನೆಗೆ ಎಪ್ಪತ್ತು ದಾಟಿದ ಆಕೆಯ ಅಜ್ಜಿ ರಿಕ್ಷಾ ಮಾಡಿಕೊಂಡು ಕಲಿಸುವವರ ಕಡೆ ಹೋಗಿ, ‘ಹುಡುಗಿ ನಿಯಮಾನೂ ಬಿಡೂದಿಲ್ಲ, ಚಕ್ರಾನೂ ಬಿಡೂದಿಲ್ಲ. ನೀವ ಹೊತ್ತು ಬದಲ ಮಾಡ್ರಿ’ ಎಂದರು. ಅವರು ಮುಂಜಾನೆಯ ಗುಂಪಿಗೆ ಹಾಕಿಕೊಂಡರು. ಐದೂವರೆಗೆ ಏಳಿಸುವ ಕೆಲಸ ಈಗ ಅಜ್ಜಿಯದೇ. ಮುಂಜಾನೆ ಸಾಧ್ಯವಿಲ್ಲದವರು ಶಾಲೆ ಬಿಟ್ಟೊಡನೆ, ಐದರ ಒಳಗೆ, ಹಗುರ ಊಟ ಮುಗಿಸಿ ಒಂದೂವರೆ ತಾಸು ಬಿಟ್ಟು ಕಳಿಸಬೇಕು. ಸೇರಿಸುವ ದಿನವೇ ಹೊತ್ತಿನ ಮಾತು, ದಶಲಕ್ಷಣದ ಹತ್ತು ದಿನದ ರಜೆಯ ಮಾತು ಆಡಿಬಿಟ್ಟರೆ ಮುಂದೆ ಮಗು ನಡುವೆ ಸಿಕ್ಕಿಕೊಳ್ಳುವುದಿಲ್ಲ.

ಹಿಮದ ಹಲಗೆಯ ವಿಷಯ ಕೇಳಿದವರಿಗಾಗಿ ಇಷ್ಟು. ೧೯೬೫ರಲ್ಲಿ ಅಮೆರಿಕದ ಮಿಶಿಗನ್ನಿನ ಶರ್ಮನ್ ಪಾಪೆನ್ ಎಂಬವರು ತಮ್ಮ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀ ಹಲಗೆ ಜೋಡಿಸಿದರು. ಸ್ನರ್ಫರ್ ಎಂಬ ಆ ಆಟಿಕೆಯಿಂದ ಹಿಮದ ಹಲಗೆಗಳ ವಂಶ ಬೆಳೆಯಿತು. ಸ್ನೋಬೋರ್ಡಿನಲ್ಲಿ ಕಾಲನ್ನು ಬಿಗಿದು ಕಟ್ಟುತ್ತಾರೆ. ಸ್ನೋಸ್ಕೇಟಿನಲ್ಲಿ ಕಟ್ಟು ಇಲ್ಲ, ಬಿದ್ದರೆ ಕಾಲು ಬಿಡುಗಡೆ. ಒಂದೇ ಹಲಗೆಯದು ಅಂಗಳದ, ಸಣ್ಣ ದಿಬ್ಬದ ಹಿಮಕ್ಕೆ. ಕಲಿಯುವವರಿಗೆ ಇದೇ ಸರಿ. ಹಲಗೆಯ ಕೆಳಗೆ ಇನ್ನೊಂದು ಸಣ್ಣ ಸ್ಕೀ ಜೋಡಿಸಿದ್ದು ಬೆಟ್ಟದ ಇಳಿಜಾರಿಗೆ. ಕಾಲಿಗೂ ಹಲಗೆಗೂ ಒಂದು ಹಗ್ಗ ಇರಲೇಬೇಕು. ಇಲ್ಲದಿದ್ದರೆ ಖಾಲಿ ಹಲಗೆ ಕೆಳಗಿನವರ ಮೇಲೆ ಹೋದೀತು. ಚಕ್ರದ ಹಲಗೆಯಲ್ಲಿ ಸಮತೋಲ ಕಲಿತ ಮಗುವಿಗೆ ಇದು ಬೇಗ ಒಗ್ಗುತ್ತದೆ. ಮೇ ತಿಂಗಳ ಮನಾಲಿ ಯಾತ್ರೆಗೆಂದು ಇಲ್ಲಿಂದ ಹೊತ್ತೊಯ್ಯುವುದು ವ್ಯರ್ಥ. ಆಗ ಸೋಲಂಗದಲ್ಲಿ ಹುಲ್ಲಿರುತ್ತದೆ, ಹಿಮ ನೋಡಲು ರೋಹತಾಂಗಿನ ಎತ್ತರಕ್ಕೇ ಹೋಗಬೇಕು. ಗುಲಮರ್ಗ, ಔಲಿ, ಸೋಲಂಗ ಎಲ್ಲಕ್ಕೂ ಜನವರಿ-ಫೆಬ್ರವರಿಯೇ ಕಾಲ.

ಕೊಂಡ ಮೇಲಿನ ಜೋಪಾಸನೆ ಒಂದೇ: ನಮ್ಮ ಕರಿಮಣ್ಣಿನ ಧೂಳು ಬೇರಿಂಗಿಗೆ ವೈರಿ, ಮಳೆನೀರು ಅದಕ್ಕಿಂತ ವೈರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ನೆಲದ ಮೇಲೆ ಬಿಡಬೇಡಿ. ತಿಂಗಳಿಗೊಮ್ಮೆ ಚಕ್ರ ಬಿಚ್ಚಿ ಒಣ ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ಕೈಯಿಂದ ತಿರುಗಿಸಿ ಸದ್ದು ಕೇಳಿ. ಕರಕರ ಎಂದರೆ ಆ ಬೇರಿಂಗು ಬದಲಿಸಿ.