ಹಿಲ್ಡೆಸ್‌ಹೈಮ್‌ನ ಕದಗಳಲ್ಲಿ ಎರಡು ವಿಚಾರಣೆಗಳು

ಮಧ್ಯಯುಗದ ಕಥಾಚಿತ್ರಗಳನ್ನು ‘ನಿರಕ್ಷರರ ಬೈಬಲ್’ ಎಂದು ಕರೆದು ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಜರ್ಮನಿಯ ಹಿಲ್ಡೆಸ್‌ಹೈಮ್‌ನಲ್ಲಿ ಧರ್ಮಾಧ್ಯಕ್ಷ ಬರ್ನ್‌ವಾರ್ಡ್ 1015ರಲ್ಲಿ ಮಾಡಿಸಿದ ಕಂಚಿನ ಕದಗಳು ಆ ಮಾತಿಗೆ ಒಗ್ಗುವುದಿಲ್ಲ. ಧರ್ಮಗ್ರಂಥ ಬಲ್ಲವನನ್ನೇ ಅವು ತಡೆದು ನಿಲ್ಲಿಸುತ್ತವೆ. ಒಂದೊಂದು ಕದವೂ ಒಂದೇ ಎರಕ. ಒಟ್ಟು 16 ದೃಶ್ಯಗಳು. ಎಡಗದದಲ್ಲಿ ಆದಿಕಾಂಡದ ಕಥೆ ಮೇಲಿನಿಂದ ಇಳಿದು ಹೇಬೆಲನ ಕೊಲೆಯಲ್ಲಿ ನಿಲ್ಲುತ್ತದೆ. ಬಲಗದದ ಕಥೆ ಕೆಳಗಿನ ಮಂಗಳವಾರ್ತೆಯಿಂದ ತೊಡಗಿ ಮೇಲೇರಿ, ಪುನರುತ್ಥಿತ ಪ್ರಭು ಮಗ್ದಲದ ಮರಿಯಳಿಗೆ ಕಾಣಿಸಿಕೊಳ್ಳುವಲ್ಲಿ ಮುಗಿಯುತ್ತದೆ. ಹೀಗಾಗಿ ಇವನ್ನು ಅಡ್ಡಲಾಗಿಯೂ ಓದಬೇಕು. ನಿಷಿದ್ಧ ಫಲದ ಮರಕ್ಕೆ ಎದುರಾಗಿ ಶಿಲುಬೆಯಿದೆ. ಇದು ಎಲ್ಲರೂ ಬಲ್ಲ ಜೋಡಿ.

ನನಗೆ ಇನ್ನೂ ಗಹನವೆನಿಸುವುದು ಅದರ ಕೆಳಗಿನ ಸಾಲು. ದೇವರು ಆದಾಮನತ್ತ ಬೆರಳು ಚಾಚುತ್ತಾರೆ. ಬಾಗಿ ನಿಂತ ಆದಾಮ ಹವ್ವಳನ್ನು ತೋರಿಸುತ್ತಾನೆ. ಹವ್ವಳು ನೆಲದ ಮೇಲಿನ ಸರ್ಪವನ್ನು. ತಪ್ಪು ಕೈಯಿಂದ ಕೈಗೆ ಜಾರುತ್ತಾ ಮಣ್ಣಿನ ಮಟ್ಟಕ್ಕೆ ಬರುತ್ತದೆ. ಪಾಪನಿವೇದನೆ ಆಲಿಸುವ ನಮಗೆ ಆ ಬೆರಳುಗಳು ಅಪರಿಚಿತವಲ್ಲ. ನಾವೇ ನಿವೇದಿಸಿಕೊಳ್ಳುವಾಗಲೂ ಅಲ್ಲ. ಬಲಗಡೆ, ಅದೇ ಎತ್ತರದಲ್ಲಿ, ಮತ್ತೊಂದು ವಿಚಾರಣೆ: ಪಿಲಾತನ ಮುಂದೆ ಯೇಸುಸ್ವಾಮಿ. ಮತ್ತಾಯನ ಪ್ರಕಾರ, ಆರೋಪಗಳಲ್ಲಿ ಒಂದಕ್ಕೂ ಅವರು ಅಲ್ಲಿ ಮರುಮಾತಾಡಲಿಲ್ಲ.