ಬುತ್ತಿಯೂ ಬಟ್ಟಲೂ

ಬೆಳಗಿನ ಎಂಟು ಗಂಟೆ. ನವಜಾತ ಶಿಶು ಘಟಕದ ಹೊರಗಿನ ಬೆಂಚಿನ ಮೇಲೆ ಸ್ಟೀಲ್ ಕ್ಯಾರಿಯರ್‌ಗಳ ಸಾಲು. ಹಾವೇರಿ ಕಡೆಯ ಬಾಣಂತಿಯೊಬ್ಬಳು ತಲೆಗೆ ಸ್ಕಾರ್ಫ್ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆಗೊರಗಿ ಕೂತಿದ್ದಾಳೆ. ಒಳಗೆ ಅವಳ ಕೂಸು. 31 ವಾರಕ್ಕೇ ಹುಟ್ಟಿದ್ದು, ತೂಕ 1,350 ಗ್ರಾಂ. ನನ್ನ ತಂಗಿಯ ಮೊಮ್ಮಗುವೂ ಅದೇ ಗಾಜಿನಾಚೆ ಇದ್ದುದರಿಂದ ಆ ದಿನಗಳಲ್ಲಿ ನಾನೂ ಅದೇ ಬೆಂಚಿನವಳು.

ಬಾಣಂತಿಯ ಅವ್ವ ಬುತ್ತಿ ಬಿಚ್ಚಿದಳು. ಮೇಲಿನ ಡಬ್ಬಿಯಲ್ಲಿ ಬಿಳಿ ಅನ್ನ, ಕೆಳಗಿನದರಲ್ಲಿ ಮೆಣಸಿನ ಸಾರು, ಸಾರಿನಲ್ಲಿ ತೇಲುವ ಎಂಟ್ಹತ್ತು ಬೆಳ್ಳುಳ್ಳಿ ಎಸಳು. ಅಷ್ಟೇ. ಮಗಳು ನೀರಿನ ಬಾಟಲಿಗೆ ಕೈಹಾಕಿದರೆ ತಡೆದಳು. “ಬ್ಯಾಡವಾ, ಹಸಿ ಬಾಣಂತಿ ನೀ. ನೀರ ಕುಡದ್ರ ಹೊಟ್ಟಿ ಬರ್ತೈತಿ, ಕೂಸಿಗೆ ಥಂಡಿ ಆಕ್ಕತಿ.”

ಆ ದನಿಯಲ್ಲಿ ಇದ್ದದ್ದು ಬರೀ ಅಕ್ಕರೆ. ಆದರೂ ನನ್ನ ಕರುಳು ಚುರುಕ್ಕೆಂದಿತು. ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಅಲ್ಲವೆ?

ಊಟವಾದ ಮೇಲೆ ಆಕೆ ಪಕ್ಕದ ಕೋಣೆಗೆ ಹೋಗಿ ಕೈತೊಳೆದು ಕೂತಳು. ತೊಡೆಯ ಮೇಲೆ ಕುದಿಸಿ ತೆಗೆದ ಸ್ಟೀಲ್ ಬಟ್ಟಲು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ. ಹಿಂದಕ್ಕೆ ಒತ್ತಿ, ಮೆಲ್ಲಗೆ ಹಿಂಡಿ, ಬಿಟ್ಟು, ಮತ್ತೆ ಒತ್ತಿ. ಮೊದಲ ಹನಿ ಬಟ್ಟಲಿನ ಗೋಡೆಗಂಟಿಕೊಂಡೇ ಇಳಿಯಿತು, ಹಳದಿ, ಮಂದ. ಇಪ್ಪತ್ತು ನಿಮಿಷಕ್ಕೆ ತಳ ಮುಚ್ಚುವಷ್ಟು, ಆರು ಎಂ.ಎಲ್. ಸಿಸ್ಟರ್ ಅದನ್ನು ಒಂದು ಹನಿಯೂ ಬಿಡದೆ ಸಿರಿಂಜಿಗೆ ತುಂಬಿಸಿ, ಕೂಸಿನ ಹೊಟ್ಟೆಗಿಳಿಸಿದ ನಳಿಗೆಗೆ ಜೋಡಿಸಿ ಎತ್ತಿ ಹಿಡಿದರು. ಒತ್ತಲಿಲ್ಲ, ಹಾಲು ತಾನೇ ಗೆರೆಗೆರೆಯಾಗಿ ಇಳಿಯಿತು. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳಲು ಸುಮಾರು 34 ವಾರ ತುಂಬಬೇಕು. ಅಲ್ಲಿಯವರೆಗೆ ದಾರಿ ಇದೇ.

ದಿನ ತುಂಬುವ ಮುಂಚೆ ಹೆತ್ತವಳ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೋಟೀನ್ ಹೆಚ್ಚು. ಎಳೆಗರುಳು ಕೆಡುವ ಅಪಾಯವನ್ನು ತಗ್ಗಿಸುವುದೂ ಆ ಹಾಲೇ. ಅದು ಹೆಚ್ಚುವುದು ಹಿಂಡಿ ತೆಗೆದಷ್ಟೂ. ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ತೆಗೆಯಬೇಕು. ಬೆಳ್ಳುಳ್ಳಿ ತಿಂದ ಮಾತ್ರಕ್ಕೆ ಉಕ್ಕಿ ಬರುವುದಿಲ್ಲ. ಹಾಗೆಂದು ಊಟ ಲೆಕ್ಕಕ್ಕಿಲ್ಲವೆ? ಹಾಲುಣಿಸುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕೆನ್ನುತ್ತದೆ ಐಸಿಎಂಆರ್. ಬುತ್ತಿ ಬಡವಾದರೆ ಮೊದಲು ಸೊರಗುವವಳು ತಾಯಿ. ಕೆಲವು ಸತ್ವಗಳ ವಿಷಯದಲ್ಲಿ ಕೂಸೂ ಸೊರಗುತ್ತದೆ. ಪಾಲಿಶ್ ಅಕ್ಕಿಯ ಅನ್ನದ ಮೇಲೇ ಬಾಣಂತನ ಕಳೆದ ತಾಯಂದಿರ ಹಾಲಿನಲ್ಲಿ ಥಯಾಮಿನ್ ಸಾಲದೆ, ಎದೆಹಾಲನ್ನಷ್ಟೇ ಕುಡಿಯುವ ಕೂಸುಗಳು ಏದುಸಿರು ಬಿಟ್ಟದ್ದನ್ನು ನಮ್ಮ ಕರ್ನಾಟಕದ ಮಕ್ಕಳ ವೈದ್ಯರೇ ಕಂಡು ಬರೆದಿದ್ದಾರೆ. ಹಾಲು, ಮೊಸರು, ಮೊಟ್ಟೆ ಎಲ್ಲವನ್ನೂ ಬಿಡಿಸಿದರೆ ಬಿ12 ಕೂಡ ಹಾಗೆಯೇ.

ಸಿಸ್ಟರ್ ಅವ್ವನನ್ನು ಗದರಲಿಲ್ಲ. ಪಕ್ಕದಲ್ಲಿ ಕೂತು ಕೇಳಿದರು, “ನಿಮ್ಮ ಬಾಣಂತನದಾಗ ಏನೇನ್ ತಿಂದ್ರಿ ಯವ್ವಾ?” ಅವ್ವನ ಮುಖ ಅರಳಿತು. ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ, ಉತ್ತತ್ತಿ, ಕೊಬ್ಬರಿ. “ಅವನೆಲ್ಲಾ ಮಾಡ್ರಿ. ಜೋಡಿ ರೊಟ್ಟಿ, ಬ್ಯಾಳಿ, ತತ್ತಿ ಇರಲಿ. ನೀರು ಕಾಸಿ ಆರಿಸಿ ಕೊಡ್ರಿ, ಬೇಕಾದಷ್ಟು ಕುಡೀಲಿ.” ಪಥ್ಯದ ಹೆಸರಲ್ಲಿ ಬಾಣಂತನ ಕಿತ್ತುಕೊಂಡದ್ದನ್ನಷ್ಟೇ ನಾವು ನೋಡುತ್ತೇವೆ; ಈ ಉಂಡೆ, ಪಾಯಸಗಳನ್ನು ಕಟ್ಟಿಕೊಟ್ಟದ್ದೂ ಇದೇ ಬಾಣಂತನ ಎಂಬುದನ್ನು ಮರೆಯುತ್ತೇವೆ.

ಮರುದಿನ ಎರಡಿದ್ದ ಡಬ್ಬಿ ನಾಲ್ಕಾದವು. ಜೀರಿಗೆ ಹಾಕಿ ಕಾಸಿದ ನೀರಿನ ಥರ್ಮಾಸ್ ಬೇರೆ ಬಂತು.

ನಾನು ಹೊರಡುವ ದಿನ ಆಕೆ ಕಾಂಗರೂ ಆರೈಕೆಯ ಕೋಣೆಯ ಕುರ್ಚಿಯಲ್ಲಿದ್ದಳು. ಬರಿಯೆದೆಗೆ ಒರಗಿಸಿದ ಕೂಸು, ಮೇಲೆ ಬಿಗಿದ ಬಟ್ಟೆ, ಹೊರಗೆ ಕಾಣುತ್ತಿದ್ದದ್ದು ಟೊಪ್ಪಿಗೆಯೊಂದೇ. ಎರಡೂ ಕೈ ಕೂಸಿನ ಬೆನ್ನ ಮೇಲೆ. ಅವ್ವ ಎದುರು ನಿಂತು ರೊಟ್ಟಿ ಮುರಿದು, ಸಬ್ಬಸಗಿ ಪಲ್ಯ ಸುತ್ತಿ, ಮಗಳ ಬಾಯಿಗೆ ತುತ್ತು ಇಡುತ್ತಿದ್ದಳು. “ಇನ್ನೊಂದ್ ತಿನ್ನವಾ” ಅನ್ನುತ್ತಿದ್ದಳು, ಕೂಸು ಎಚ್ಚರವಾಗದ ಹಾಗೆ ಮೆಲುದನಿಯಲ್ಲಿ.