ತವರಿನ ದಾರಿಯ ಪುಟ್ಟ ರೈಲು

ಶ್ರೀನಿವಾಸಪುರದ ಕಡೆ ತವರಿರುವ ಸೋದರಿಯರೇ, ಮನೆಯ ಹಿರಿಯರನ್ನು ಒಮ್ಮೆ ‘ಚಿಕ್ಕ ರೈಲು’ ಹೇಗಿತ್ತು ಅಂತ ಕೇಳಿ ನೋಡಿ. ಮುಖ ಅರಳುತ್ತೆ!

ಹಳಿಗಳ ನಡುವೆ ಬರೀ ಎರಡೂವರೆ ಅಡಿ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ನಮ್ಮ ಬಂಗಾರಪೇಟೆಯಿಂದ, ಕೋಲಾರಕ್ಕೆ ಬಂತು. ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರ ಬಳಸಿ ಬೆಂಗಳೂರು ಮುಟ್ಟಿತು. ಕಲ್ಲಿದ್ದಲ ಎಂಜಿನ್ನು, ಕಿಟಕಿ ಪಕ್ಕ ಕೂತವರ ಸೀರೆಯೆಲ್ಲ ಮಸಿ. ನಮ್ಮಜ್ಜಿ ಮಾವಿನ ಬುಟ್ಟಿಗೆ ಹಳೇ ಸೀರೆ ಹೊದಿಸಿ, ತಾವು ತಲೆಗೆ ಸೆರಗು ಬಿಗಿದು ಹತ್ತುತ್ತಿದ್ದರಂತೆ. ಹಣ್ಣಿಗೇ ಮೊದಲ ಮರ್ಯಾದೆ!

ಮಾಲೂರಿನವರಿಗೆ ಬೆಂಗಳೂರು–ಮದರಾಸು ಹಾದಿಯ ದೊಡ್ಡ ರೈಲೇ ಇತ್ತು. ಮುಳಬಾಗಿಲಿಗೆ ಯಾವ ರೈಲೂ ಬರಲಿಲ್ಲ, ಪಾಪ, ಬಸ್ಸೇ ಗತಿ.

1990ರ ದಶಕದ ಕೊನೆಗೆ ಬಂಗಾರಪೇಟೆ–ಕೋಲಾರದ ಹಳಿ ಅಗಲವಾಯಿತು. ಅದರ ಮೇಲೆ ‘ರೈಲ್‌ಬಸ್’ ಓಡಿತು: ಬಸ್ಸಿನಂಥ ಒಂದೇ ಡಬ್ಬಿ, ಡೀಸೆಲ್ ಎಂಜಿನ್ನೂ ಅದರಲ್ಲೇ. ಮಕ್ಕಳಿಗೆ ಅದೊಂದು ಆಟದ ಸಾಮಾನು. ಆದರೆ ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆಗೆ ಅಗಲ ಹಳಿಯಲ್ಲಿ ರೈಲು ಓಡಿದ್ದು 2013ರ ನವೆಂಬರಿನಲ್ಲಿ. ಅಷ್ಟು ವರ್ಷ ಶ್ರೀನಿವಾಸಪುರದ ಬಾಣಂತಿ ಕೂಸನ್ನೆತ್ತಿಕೊಂಡು ಬಸ್ಸಿನ ಕಂಬಿ ಹಿಡಿದು ನಿಂತಳಲ್ಲ, ಆ ಲೆಕ್ಕ ಯಾರು ಬರೆದಿಟ್ಟರು?

ಈಗ ರೈಲ್‌ಬಸ್ಸೂ ಇಲ್ಲ. ಚಿಕ್ಕ ರೈಲಿನ ಕಾಲದ ನಂದಿ ಹಾಲ್ಟ್ ನಿಲ್ದಾಣ ಇನ್ನೂ ಉಳಿದಿದೆ. ಬೆಟ್ಟಕ್ಕೆ ಹೋದಾಗ ಬುತ್ತಿ ಬಿಚ್ಚಲು ಅಲ್ಲಿಗೇ ಹೋಗಿ, ಜೊತೆಗೆ ಅಜ್ಜಿಯನ್ನೂ ಕರೆದುಕೊಂಡು.